ಓದಿದರೆ ತಿಳಿಯುವ ಇಂಗ್ಲಿಷ್ ಕಿವಿಗೂ ತಿಳಿಯಬೇಕಾದರೆ: ದಿನಕ್ಕೆ 20 ನಿಮಿಷದ ಅಭ್ಯಾಸ

ಪುಸ್ತಕದಲ್ಲಿ ಓದಿದರೆ ಪೂರ್ತಿ ಅರ್ಥವಾಗುತ್ತದೆ. ಅದೇ ಸಾಲನ್ನು ಯಾರಾದರೂ ಫೋನ್‌ನಲ್ಲಿ ಹೇಳಿದರೆ ಅರ್ಧವೂ ಸಿಗುವುದಿಲ್ಲ. ಇಂಗ್ಲಿಷ್ ಕಲಿಯಲು ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿಯ ಕಷ್ಟ ಇದೇ. ಕನ್ನಡ ಮೀಡಿಯಂನಲ್ಲಿ ಓದಿದವರು ಮಾತ್ರವಲ್ಲ, ಡಿಗ್ರಿ, ಎಂಜಿನಿಯರಿಂಗ್ ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಮುಗಿಸಿದವರೂ ಇದನ್ನೇ ಹೇಳುತ್ತಾರೆ. ಎಷ್ಟೋ ಜನ ಇದು ತಮ್ಮ ದಡ್ಡತನ ಅಂದುಕೊಂಡು ಮೀಟಿಂಗ್‌ನಲ್ಲಿ ಸುಮ್ಮನೆ ತಲೆಯಾಡಿಸಿ ಕೂರುತ್ತಾರೆ. ಅದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಶಾಲೆಯಲ್ಲಿ ಹತ್ತು ವರ್ಷ ಅವರು ಇಂಗ್ಲಿಷ್ ಕಲಿತದ್ದು ಕಣ್ಣಿನಿಂದ. ಪಾಠ ಓದಿದ್ದು, ಪ್ರಶ್ನೋತ್ತರ ಬರೆದದ್ದು, ಗ್ರಾಮರ್ ತಿದ್ದಿದ್ದು. ಕಿವಿಗೆ ಯಾರೂ ಪಾಠ ಮಾಡಲಿಲ್ಲ.

ಇಂಥವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ. "ಇಂಗ್ಲಿಷ್ ಸಿನಿಮಾ ನೋಡಿ, ನ್ಯೂಸ್ ಹಾಕಿ, ತಾನಾಗೇ ಬರುತ್ತೆ." ಈ ಸಲಹೆಯಲ್ಲಿ ನನಗೆ ನಂಬಿಕೆ ಇಲ್ಲ. ಎರಡು ಗಂಟೆಯ ಸಿನಿಮಾಕ್ಕಿಂತ ಒಂದು ನಿಮಿಷದ ಸಂಭಾಷಣೆ ಸಾಕು. ಅದನ್ನು ಮತ್ತೆ ಮತ್ತೆ ಕೇಳಿ, ಎಲ್ಲಿ ತಪ್ಪಿತು ಅಂತ ಬರೆದು ನೋಡಬೇಕು. ಹೇಗೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಯಾಕೆ ಕೇಳಿಸುವುದಿಲ್ಲ?

ನಾವು ಬರೆಯುವಾಗ "ಏನು ಮಾಡುತ್ತಾ ಇದ್ದೀಯ" ಅಂತ ಬರೆಯುತ್ತೇವೆ. ಬಾಯಲ್ಲಿ ಬರುವುದು "ಏನ್ಮಾಡ್ತಿದೀಯ". "ಹೋಗಿ ಬರುತ್ತೇನೆ" ಅನ್ನುವುದು "ಹೋಗ್ಬರ್ತೀನಿ" ಆಗುತ್ತದೆ. ಪುಸ್ತಕ ನೋಡಿ ಕನ್ನಡ ಕಲಿತ ಹೊರರಾಜ್ಯದವರೊಬ್ಬರು ಮೈಸೂರಿನ ತರಕಾರಿ ಅಂಗಡಿ ಮುಂದೆ ನಿಂತರೆ ಅವರಿಗೆ ಏನೂ ತಿಳಿಯುವುದಿಲ್ಲ. ಆ ಪದಗಳೆಲ್ಲ ಅವರಿಗೆ ಗೊತ್ತು, ಆದರೆ ಅವು ಅಂಟಿಕೊಂಡು ಬಂದಾಗ ಗುರುತು ಸಿಗುವುದಿಲ್ಲ.

ಇಂಗ್ಲಿಷ್ ಕೇಳುವಾಗ ನಾವು ಅವರ ಜಾಗದಲ್ಲಿ ಇರುತ್ತೇವೆ. "ವಾಟ್ ಡು ಯು ವಾಂಟ್ ಟು ಡು" ಅನ್ನುವುದು "ವಾಡ್ಯವಾನಡೂ" ಅಂತ ಒಂದೇ ಉಸಿರಿಗೆ ಬರುತ್ತದೆ. "ಡಿಡ್ ಯು" ಅನ್ನುವುದು "ಡಿಜು", "ಗೋಯಿಂಗ್ ಟು" ಅನ್ನುವುದು "ಗನ", "ಶುಡ್ ಹ್ಯಾವ್" ಅನ್ನುವುದು "ಶುಡವ್". ಅಮೆರಿಕದವರು "ವಾಟರ್" ಅಂದರೆ ನಮ್ಮ ಕಿವಿಗೆ "ವಾಡರ್" ಥರ ಬೀಳುತ್ತದೆ.

ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೇವೆ. "ಮನೆಯಲ್ಲಿ", "ಮನೆಯಿಂದ", "ಮನೆಗೆ" ಅನ್ನುವಾಗ ಕೊನೆಯ ಪ್ರತ್ಯಯ ಸ್ಪಷ್ಟವಾಗಿ ಕೇಳಿಸುತ್ತದೆ, ಅರ್ಥ ಅಲ್ಲೇ ಇರುವುದರಿಂದ ನಮ್ಮ ಕಿವಿಗೂ ಅಲ್ಲೇ ಗಮನ. ಇಂಗ್ಲಿಷ್‌ನಲ್ಲಿ ಈ ಕೆಲಸ ಮಾಡುವ ಅಟ್, ಟು, ಫ್ರಮ್, ಆಫ್ ಮುಂತಾದ ಸಣ್ಣ ಪದಗಳನ್ನು ನುಂಗಿಬಿಡುತ್ತಾರೆ. ಒತ್ತಿ ಹೇಳುವುದು ಹೆಸರು, ಕ್ರಿಯೆ, ಸಂಖ್ಯೆ, ದಿನ ಇಂಥವನ್ನು. ಪ್ರತಿ ಪದವನ್ನೂ ಹಿಡಿಯಲು ಹೋದವರು ಸಣ್ಣ ಪದದ ಹಿಂದೆ ಬಿದ್ದು ದೊಡ್ಡದನ್ನು ಕಳೆದುಕೊಳ್ಳುತ್ತಾರೆ. ಒತ್ತಿ ಹೇಳಿದ್ದನ್ನು ಮೊದಲು ಹಿಡಿಯುವುದು ಕಲಿಯಬೇಕು. ಉಳಿದದ್ದು ಆಮೇಲೆ.

ಏನನ್ನು ಕೇಳಬೇಕು?

ಆರಿಸುವಾಗ ಎರಡು ವಿಷಯ ನೋಡಿ. ತುಣುಕು ಒಂದರಿಂದ ಎರಡು ನಿಮಿಷದ್ದಾಗಿರಲಿ. ಅದರ ಮಾತು ಬರಹದಲ್ಲೂ ಸಿಗುವಂತಿರಲಿ. ಬರಹ ಇಲ್ಲದಿದ್ದರೆ ಎಲ್ಲಿ ತಪ್ಪಿತು ಅಂತ ತಿಳಿಯುವುದೇ ಇಲ್ಲ, ಅಭ್ಯಾಸ ಸುಮ್ನೆ ಹೊತ್ತು ಕಳೆದ ಹಾಗೆ ಆಗುತ್ತದೆ.

ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದಲ್ಲಿ ಕೇಳುವ ಪಾಠಗಳನ್ನು ಎ1, ಎ2, ಬಿ1, ಬಿ2, ಸಿ1 ಅಂತ ಮಟ್ಟದ ಪ್ರಕಾರ ಜೋಡಿಸಿದ್ದಾರೆ. ಎ1 ಅಂದರೆ ಆಗಷ್ಟೇ ಶುರುಮಾಡಿದವರಿಗೆ, ಬಿ1 ಅಂದರೆ ನಡುವಿನ ಮಟ್ಟ, ಸಿ1 ಅಂದರೆ ಚೆನ್ನಾಗಿ ಬಲ್ಲವರಿಗೆ. ಅಂಗಡಿ, ಆಫೀಸು, ಫೋನ್ ಸಂದೇಶ ಹೀಗೆ ದಿನನಿತ್ಯದ ಮಾತುಕತೆ ಅಲ್ಲಿದೆ, ಬರಹವೂ ಜೊತೆಗಿದೆ, ದುಡ್ಡು ಕೊಡಬೇಕಾಗಿಲ್ಲ. ಹೊಸದಾಗಿ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ "ಸಿಕ್ಸ್ ಮಿನಿಟ್ ಇಂಗ್ಲಿಷ್" ಕಾರ್ಯಕ್ರಮದಲ್ಲಿ ಇಬ್ಬರು ಒಂದು ವಿಷಯದ ಬಗ್ಗೆ ಮಾತಾಡುತ್ತಾರೆ. ಶುರುವಿನಲ್ಲಿ ಒಂದು ಪ್ರಶ್ನೆ ಕೇಳಿ ಕೊನೆಯಲ್ಲಿ ಉತ್ತರ ಹೇಳುತ್ತಾರೆ, ನಡುವೆ ಆರು ಪದ ಕಲಿಸುತ್ತಾರೆ. ಇದು ಬಿ1 ದಾಟಿದವರಿಗೆ ಸರಿ.

ಅಮೆರಿಕ ಸರ್ಕಾರದ ರೇಡಿಯೋ ವಾಯ್ಸ್ ಆಫ್ ಅಮೆರಿಕ 1959ರಲ್ಲಿ "ಸ್ಪೆಷಲ್ ಇಂಗ್ಲಿಷ್" ಅಂತ ಶುರುಮಾಡಿತ್ತು. ಸುಮಾರು 1500 ಪದಗಳಷ್ಟೇ, ಚಿಕ್ಕ ವಾಕ್ಯಗಳು, ಮಾಮೂಲಿಗಿಂತ ನಿಧಾನ ಓದು. ವೇಗಕ್ಕೇ ಹೆದರುವವರಿಗೆ ಅಂಥ ನಿಧಾನದ ಕಾರ್ಯಕ್ರಮಗಳು ಒಳ್ಳೆಯ ಆರಂಭ. ಆದರೆ ಅಲ್ಲೇ ತಿಂಗಳುಗಟ್ಟಲೆ ಉಳಿಯಬೇಡಿ. ನಿಮ್ಮ ಮ್ಯಾನೇಜರ್ ನಿಧಾನವಾಗಿ ಮಾತಾಡುವುದಿಲ್ಲ, ಅಲ್ವಾ?

ವಿದೇಶಿ ಉಚ್ಚಾರಣೆ ಕಷ್ಟ ಅನ್ನಿಸಿದರೆ ನಮ್ಮ ದೇಶದವರ ಇಂಗ್ಲಿಷ್‌ನಿಂದ ಶುರುಮಾಡಿ. ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರು ಕಾಲೇಜು ವಿಷಯಗಳನ್ನು ಕಲಿಸುವ ಎನ್‌ಪಿಟಿಇಎಲ್ ವಿಡಿಯೋ ಪಾಠಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ನಿಮಗೆ ಗೊತ್ತಿರುವ ವಿಷಯದ ಪಾಠವನ್ನೇ ಆರಿಸಿ, ಅದರ ಒಂದು ನಿಮಿಷ ಮಾತ್ರ ತೆಗೆದುಕೊಳ್ಳಿ. ವಿಷಯ ಗೊತ್ತಿದ್ದರೆ ಕಿವಿಗೆ ಅರ್ಧ ಭಾರ ಕಮ್ಮಿ.

ಮಟ್ಟ ಸರಿಯೋ ಅಲ್ಲವೋ ತಿಳಿಯಲು ನನ್ನದೊಂದು ಲೆಕ್ಕ ಇದೆ. ಮೊದಲ ಸಲ ಕೇಳಿದಾಗ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅನ್ನುವುದೂ ತಿಳಿಯದಿದ್ದರೆ ಅದು ಈಗ ಬೇಡ. ಎಲ್ಲವೂ ಒಂದೇ ಸಲಕ್ಕೆ ತಿಳಿದರೆ ಅದೂ ಬೇಡ.

ಒಂದು ತುಣುಕು, ಆರು ಹೆಜ್ಜೆ

ಹೆಜ್ಜೆ 1. ಪೆನ್ನು ಕೆಳಗಿಡಿ. ಬರಹ ನೋಡಬೇಡಿ. ಒಂದು ಸಲ ಪೂರ್ತಿ ಕೇಳಿ. ನಿಲ್ಲಿಸಬೇಡಿ. ಮುಗಿದ ಮೇಲೆ ಮೂರು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಿ: ಯಾರು ಮಾತಾಡಿದರು? ಎಲ್ಲಿ? ಯಾಕೆ? ಉತ್ತರ ಕನ್ನಡದಲ್ಲೇ ಇರಲಿ, ಪರವಾಗಿಲ್ಲ. ನಾವು ಪರೀಕ್ಷಿಸುತ್ತಿರುವುದು ಕಿವಿಯನ್ನು, ಬಾಯಿಯನ್ನಲ್ಲ.

ಹೆಜ್ಜೆ 2. ಮತ್ತೆ ಕೇಳಿ. ಈ ಸಲ ಒತ್ತಿ ಹೇಳಿದ ಐದಾರು ಪದ ಮಾತ್ರ ಬರೆಯಿರಿ. ಆ ಪದಗಳನ್ನು ನೋಡಿ ಕಥೆ ಏನಿರಬಹುದು ಅಂತ ಊಹಿಸಿ. ಊಹೆ ಮಾಡುವುದೂ ಕೇಳುವಿಕೆಯ ಭಾಗವೇ. ಮದುವೆ ಮನೆಯ ಗದ್ದಲದಲ್ಲಿ ಕನ್ನಡ ಕೇಳುವಾಗಲೂ ನಾವು ಅರ್ಧ ಊಹಿಸುತ್ತಲೇ ಇರುತ್ತೇವೆ.

ಹೆಜ್ಜೆ 3. ಈಗ ಉಕ್ತಲೇಖನ. ಹೌದು, ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಬರೆಸುತ್ತಿದ್ದರಲ್ಲ, ಅದೇ. ಇಡೀ ತುಣುಕು ಬೇಡ. 15-20 ಸೆಕೆಂಡಿನಷ್ಟು ಆರಿಸಿಕೊಂಡು ಒಂದೊಂದೇ ವಾಕ್ಯ ನಿಲ್ಲಿಸಿ ಬರೆಯಿರಿ. ಒಂದು ವಾಕ್ಯವನ್ನು ಮೂರು ಸಲ ಕೇಳಬಹುದು, ಅದಕ್ಕಿಂತ ಜಾಸ್ತಿ ಬೇಡ. ಯಾವ ಪದ ಅಂತ ತಿಳಿಯದೇ ಹೋದರೆ ಖಾಲಿ ಬಿಡಬೇಡಿ. ಕಿವಿಗೆ ಬಿದ್ದ ಸದ್ದನ್ನೇ ಕನ್ನಡ ಅಕ್ಷರದಲ್ಲಿ ಬರೆದುಬಿಡಿ. ನಮ್ಮ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಂಗ್ಲಿಷ್ ಸ್ಪೆಲಿಂಗ್ ನೆನಪಿನಿಂದ ಬರುತ್ತದೆ, ಕನ್ನಡ ಅಕ್ಷರ ಕಿವಿಯಿಂದ ಬರುತ್ತದೆ.

ಹೆಜ್ಜೆ 4. ಬರಹ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳಿ. ಪ್ರತಿ ತಪ್ಪಿನ ಪಕ್ಕ ಒಂದು ಗುರುತು ಹಾಕಿ. ಪದವೇ ಗೊತ್ತಿರಲಿಲ್ಲ ಅಂದರೆ "ಪ". ಪದ ಗೊತ್ತಿತ್ತು, ಕೇಳಿಸಲಿಲ್ಲ ಅಂದರೆ "ಕಿ". ಪದಗಳೆಲ್ಲ ಕೇಳಿಸಿದವು, ಒಟ್ಟು ಅರ್ಥ ಹೊಳೆಯಲಿಲ್ಲ ಅಂದರೆ "ಅ".

ಇಡೀ ಅಭ್ಯಾಸದ ಜೀವ ಇರುವುದು ಈ ಹೆಜ್ಜೆಯಲ್ಲಿ. ನನ್ನ ಹತ್ತಿರ ಬರುವವರ ನೋಟ್‌ಬುಕ್ಕಿನಲ್ಲಿ ಜಾಸ್ತಿ ಕಾಣುವುದು "ಕಿ". "ಅಯ್ಯೋ, ಇದು ನಂಗೊತ್ತಿರೋ ಪದಾನೇ ಅಲ್ವಾ!" ಅಂತ ಅವರು ಹೇಳುವಾಗ ಮುಖದ ಕಳೆಯೇ ಬದಲಾಗುತ್ತದೆ. ತನಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಿದ್ದ ಹುಡುಗಿಗೆ ತನಗೆ ಇಂಗ್ಲಿಷ್ ಗೊತ್ತಿದೆ, ಅದರ ಸದ್ದಿನ ಪರಿಚಯ ಆಗಿಲ್ಲ ಅಷ್ಟೇ ಅಂತ ತಿಳಿಯುತ್ತದೆ. "ಪ" ಜಾಸ್ತಿ ಇದ್ದರೆ ಮಟ್ಟ ಇಳಿಸಿ, ಓದು ಹೆಚ್ಚಿಸಿ. "ಅ" ಜಾಸ್ತಿ ಇದ್ದರೆ ಪದಗಳನ್ನು ಬಿಟ್ಟು ನುಡಿಗಟ್ಟುಗಳ ಕಡೆ ಗಮನ ಕೊಡಿ. "ಕಿ" ಜಾಸ್ತಿ ಇದ್ದರೆ ಮುಂದಿನ ಹೆಜ್ಜೆಯೇ ಮದ್ದು.

ಹೆಜ್ಜೆ 5. ಆಡಿಯೋ ಜೊತೆಜೊತೆಗೇ ನೀವೂ ಹೇಳಿ. ಮೊದಲು ಬರಹ ನೋಡಿಕೊಂಡು, ಆಮೇಲೆ ನೋಡದೆ. ಅವರು ನುಂಗಿದ್ದನ್ನು ನೀವೂ ನುಂಗಿ, ಒತ್ತಿದ್ದನ್ನು ನೀವೂ ಒತ್ತಿ. ಬಾಯಿಗೆ ಅಭ್ಯಾಸವಾದ ಸದ್ದನ್ನು ಕಿವಿ ಬೇಗ ಗುರುತಿಸುತ್ತದೆ. ಮನೆಯವರು ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಇದ್ದರೆ ಟೆರೇಸಿಗೆ ಹೋಗಿ ಮಾಡಿ, ಆದರೆ ಈ ಹೆಜ್ಜೆ ಬಿಡಬೇಡಿ.

ಹೆಜ್ಜೆ 6. ಮಾರನೇ ದಿನ ಬೆಳಿಗ್ಗೆ ಅದೇ ತುಣುಕನ್ನು ಬರಹ ಇಲ್ಲದೆ ಒಮ್ಮೆ ಕೇಳಿ. ಆಮೇಲೆ ಹೊಸದಕ್ಕೆ ಹೋಗಿ.

ಹತ್ತಿರದಿಂದ ನೋಡೋಣ

ಒಂದು ಕ್ಲಿನಿಕ್‌ನಿಂದ ಫೋನ್ ಬಂದಿದೆ ಅಂದುಕೊಳ್ಳಿ. ಬರಹದಲ್ಲಿ ಇರುವುದು ಹೀಗೆ:

"ಐ ಆಮ್ ಕಾಲಿಂಗ್ ಅಬೌಟ್ ಯುವರ್ ಅಪಾಯಿಂಟ್‌ಮೆಂಟ್ ಆನ್ ಥರ್ಸ್‌ಡೇ. ಐ ಆಮ್ ಅಫ್ರೇಡ್ ದ ಡಾಕ್ಟರ್ ವೋಂಟ್ ಬಿ ಇನ್. ಕುಡ್ ಯು ಕಮ್ ಇನ್ ಆನ್ ಫ್ರೈಡೇ ಇನ್‌ಸ್ಟೆಡ್, ಅಟ್ ಕ್ವಾರ್ಟರ್ ಟು ಫೋರ್?"

ಕಿವಿಗೆ ಬೀಳುವುದು ಸುಮಾರು ಹೀಗೆ: "ಐಮ್ ಕಾಲಿಂಗಬೌಚರ್ ಅಪಾಯಿಂಟ್ಮೆಂಟಾನ್ ಥರ್ಸ್ಡೇ. ಐಮಫ್ರೇಡ್ ದ ಡಾಕ್ಟರ್ ವೋಂಬೀಯಿನ್. ಕುಜು ಕಮಿನಾನ್ ಫ್ರೈಡೇ ಇನ್ಸ್ಟೆಡ್, ಅಕ್ವಾರ್ಟರ್ಟ ಫೋರ್?"

ಬರಹದಲ್ಲಿ ಒಂದೂ ಕಷ್ಟದ ಪದ ಇಲ್ಲ. ಆದರೂ ಬಲೆಗಳು ನಾಲ್ಕಿವೆ. "ಐ ಆಮ್ ಅಫ್ರೇಡ್" ಕೇಳಿದ ಕೂಡಲೇ ಯಾರೋ ಹೆದರಿದ್ದಾರೆ ಅಂದುಕೊಂಡವರಿದ್ದಾರೆ. ಇಲ್ಲಿ ಅದು ಬೇಸರದ ಸುದ್ದಿ ಹೇಳುವ ಮುಂಚಿನ ಮರ್ಯಾದೆಯ ಮಾತು. ಇದು "ಅ" ಗುರುತಿನ ತಪ್ಪು. "ವೋಂಟ್ ಬಿ" ಅನ್ನುವುದು "ವೋಂಬೀ" ಆದಾಗ "ಇಲ್ಲ" ಅನ್ನುವ ಅರ್ಥವೇ ಕಿವಿ ತಪ್ಪಿಸಿಕೊಳ್ಳುತ್ತದೆ. ಇದು "ಕಿ". ಮೂರನೆಯದು, ಎರಡು ದಿನದ ಹೆಸರು ಬಂತು, ಮೊದಲು ಕೇಳಿದ ಥರ್ಸ್‌ಡೇ ತಲೆಯಲ್ಲಿ ಕೂತುಬಿಡುತ್ತದೆ. "ಇನ್‌ಸ್ಟೆಡ್" ಬಂದರೆ ಹಳೆಯದು ರದ್ದು, ಹೊಸದು ಲೆಕ್ಕ.

ನಾಲ್ಕನೆಯದು ಸಮಯ. ನಾವು ಮೂರೂಕಾಲು, ಮೂರೂವರೆ, ಮೂರೂಮುಕ್ಕಾಲು ಅನ್ನುತ್ತೇವೆ. ಮೂರರಲ್ಲೂ ಮೂರು ಇದೆ. ಇಂಗ್ಲಿಷ್‌ನಲ್ಲಿ ಅರ್ಧ ದಾಟಿದ ಕೂಡಲೇ ಮುಂದಿನ ಗಂಟೆಯ ಹೆಸರು ಬರುತ್ತದೆ. "ಕ್ವಾರ್ಟರ್ ಟು ಫೋರ್" ಅಂದರೆ ಮೂರೂಮುಕ್ಕಾಲು. ನಾಲ್ಕೂಕಾಲಿಗೆ ಹೋದರೆ ಡಾಕ್ಟರ್ ಸಿಗುವುದಿಲ್ಲ. ಬ್ರಿಟನ್ನಿನವರು "ಹಾಫ್ ತ್ರೀ" ಅಂದರೆ ಮೂರೂವರೆ ಅನ್ನುವುದನ್ನೂ ನೆನಪಿಡಿ.

ಸಂಖ್ಯೆಗಳಿಗೆ ಬೇರೆಯೇ ಅಭ್ಯಾಸ ಬೇಕು

ಫಿಫ್ಟೀನ್ ಮತ್ತು ಫಿಫ್ಟಿ, ಥರ್ಟೀನ್ ಮತ್ತು ಥರ್ಟಿ. ದುಡ್ಡಿನ ವಿಷಯದಲ್ಲಿ, ಔಷಧಿಯ ಪ್ರಮಾಣದಲ್ಲಿ ಇವು ಅದಲುಬದಲಾದರೆ ದೊಡ್ಡ ಅನಾಹುತ. ಕೊನೆಯ "ನ್" ಕೇಳಿಸುವ ತನಕ ಕಾಯಬೇಡಿ, ಒತ್ತು ಎಲ್ಲಿದೆ ನೋಡಿ. "ಟೀನ್" ಉದ್ದವಾಗಿ, ಜೋರಾಗಿ ಬಂದರೆ ಹದಿನೈದು. ಮೊದಲ ಭಾಗ ಜೋರಾಗಿ, ಕೊನೆ ಮೊಟಕಾಗಿ ಬಂದರೆ ಐವತ್ತು. "ಕ್ಯಾನ್" ಮತ್ತು "ಕಾಂಟ್" ವಿಷಯವೂ ಹೀಗೇ. ಅಮೆರಿಕದವರ ಮಾತಿನಲ್ಲಿ "ಆಗುತ್ತೆ" ಅನ್ನುವ ಕ್ಯಾನ್ ಸಾಮಾನ್ಯವಾಗಿ "ಕನ್" ಅಂತ ನುಂಗಿ ಹೋಗುತ್ತದೆ. "ಕ್ಯಾನ್" ಅಂತ ವಾಕ್ಯದ ನಡುವೆ ದಪ್ಪವಾಗಿ ಕೇಳಿಸಿದರೆ ಅದು ಬಹುಪಾಲು "ಆಗಲ್ಲ". ಕೊನೆಯ "ಟ್" ಅವರ ಬಾಯಲ್ಲೇ ಉಳಿದುಬಿಟ್ಟಿರುತ್ತದೆ.

ಸಂಖ್ಯೆಯ ಅಭ್ಯಾಸಕ್ಕೆ ರೈಲ್ವೆ ಸ್ಟೇಷನ್‌ಗಿಂತ ಒಳ್ಳೆಯ ಜಾಗ ಇಲ್ಲ. ನಮ್ಮ ಸ್ಟೇಷನ್‌ಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ಪ್ರಕಟಣೆ ಬರುತ್ತದೆ. ಐದಂಕಿಯ ಗಾಡಿ ನಂಬರನ್ನು ಒಂದೊಂದೇ ಅಂಕಿಯಾಗಿ ಓದುತ್ತಾರೆ. ಇಂಗ್ಲಿಷ್‌ನಲ್ಲಿ ಬಂದದ್ದನ್ನು ಬರೆದುಕೊಂಡು ಬೋರ್ಡಿನಲ್ಲಿ ಸರಿನೋಡಿ. ನಮ್ಮ ಮೆಟ್ರೋದಲ್ಲಿ ಓಡಾಡುವವರಿಗೆ ಮುಂದಿನ ನಿಲ್ದಾಣ, ಬಾಗಿಲು ತೆರೆಯುವ ಬದಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಕೇಳಿಸುತ್ತದೆ. ಮೊಬೈಲ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಒಮ್ಮೆ ಬೇಕಂತಲೇ ಇಂಗ್ಲಿಷ್ ಒತ್ತಿ ನೋಡಿ. ಯಾವುದಕ್ಕೆ ಯಾವ ಅಂಕಿ ಅಂತ ಪೂರ್ತಿ ಪಟ್ಟಿ ಕೇಳಿ ಹೇಳಲು ಸಾಧ್ಯವಾದರೆ, ಅದೂ ಒಂದು ಪಾಠ ಮುಗಿದ ಹಾಗೆ.

ಸಣ್ಣ ಭಾಷಣಗಳಿಗೆ ಬಂದಾಗ

ಸಂಭಾಷಣೆಯಲ್ಲಿ ಇಬ್ಬರಿರುತ್ತಾರೆ. ಒಬ್ಬರ ಉತ್ತರ ಕೇಳಿ ಇನ್ನೊಬ್ಬರ ಪ್ರಶ್ನೆ ಊಹಿಸಬಹುದು. ಒಬ್ಬರೇ ಮಾತಾಡುವಾಗ ಆ ಆಸರೆ ಇರುವುದಿಲ್ಲ. ಅಲ್ಲಿ ದಾರಿ ತೋರಿಸುವುದು ತಿರುವಿನ ಪದಗಳು. "ಫಸ್ಟ್ ಆಫ್ ಆಲ್" ಬಂದರೆ ಎಣಿಕೆ ಶುರುವಾಯಿತು. "ಬಟ್", "ಹೌಎವರ್" ಬಂದರೆ ನಿಜವಾದ ಅಭಿಪ್ರಾಯ ಈಗ ಬರುತ್ತದೆ. "ಫಾರ್ ಎಗ್ಸಾಂಪಲ್" ಅಂದರೆ ಉಸಿರು ಬಿಡಬಹುದು, ಹಿಂದಿನ ಮಾತನ್ನೇ ಬಿಡಿಸಿ ಹೇಳುತ್ತಿದ್ದಾರೆ. "ಆಕ್ಚುಯಲಿ", "ಸಾರಿ, ಐ ಮೀನ್" ಅಂದರೆ ಹಿಂದೆ ಹೇಳಿದ್ದನ್ನು ತಿದ್ದುತ್ತಿದ್ದಾರೆ. "ಸೋ" ಅಂತ ಸ್ವಲ್ಪ ತಡೆದು ಹೇಳಿದರೆ ತೀರ್ಮಾನ ಹತ್ತಿರ ಬಂತು.

ಬೇರೆ ಬೇರೆ ಕ್ಷೇತ್ರದವರು ವೇದಿಕೆಯಲ್ಲಿ ಮಾಡುವ ಟೆಡ್ ಭಾಷಣಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಅವುಗಳ ಮಿತಿ 18 ನಿಮಿಷ. ಅಷ್ಟೂ ಒಂದೇ ಸಲಕ್ಕೆ ಬೇಡ, ಮೊದಲ ಎರಡು ನಿಮಿಷ ಸಾಕು. ಕೇಳುತ್ತಾ ತಿರುವಿನ ಪದಗಳನ್ನು ಮಾತ್ರ ಬರೆಯಿರಿ, ಆಮೇಲೆ ಪ್ರತಿ ತಿರುವಿನ ಮುಂದೆ ಏನು ಹೇಳಿದರು ಅಂತ ಕನ್ನಡದಲ್ಲಿ ಒಂದು ಸಾಲು. ಕೊನೆಗೆ ಮನೆಯಲ್ಲಿ ಯಾರಿಗಾದರೂ ಆ ಭಾಷಣದ ಸಾರ ಹೇಳಿ. ಅಮ್ಮನಿಗೋ ತಂಗಿಗೋ ಅರ್ಥವಾಗುವ ಹಾಗೆ ಹೇಳಲು ಬಂದರೆ ನಿಮಗೆ ಅರ್ಥವಾಗಿದೆ.

ಆಕಾಶವಾಣಿಯ ಕನ್ನಡ ವಾರ್ತೆ ಕೇಳಿ, ಅದೇ ದಿನದ ಇಂಗ್ಲಿಷ್ ವಾರ್ತೆ ಕೇಳುವುದೂ ಒಳ್ಳೆಯ ಉಪಾಯ. ಸುದ್ದಿ ಏನು ಅಂತ ಮೊದಲೇ ಗೊತ್ತಿರುತ್ತದೆ, ಕಿವಿ ಬರೀ ಇಂಗ್ಲಿಷ್ ಕಡೆ ಇರುತ್ತದೆ. ಕ್ರಿಕೆಟ್ ಪ್ರಿಯರು ಒಂದು ಓವರ್ ಕನ್ನಡ ಕಾಮೆಂಟರಿ, ಇನ್ನೊಂದು ಓವರ್ ಇಂಗ್ಲಿಷ್ ಅಂತ ಬದಲಾಯಿಸಿ ನೋಡಲಿ.

ವೇಗ, ಸಬ್‌ಟೈಟಲ್, ಇಯರ್‌ಫೋನ್

ಯೂಟ್ಯೂಬ್‌ನಲ್ಲಿ ವೇಗ 0.75ಕ್ಕೆ ಇಳಿಸಬಹುದು. 0.5 ಬೇಡ, ಸದ್ದೇ ವಿಕಾರವಾಗುತ್ತದೆ. ಇಳಿಸಿ ಕೇಳಿದರೂ ಆ ದಿನದ ಕೊನೆಯ ಸುತ್ತು ಮಾಮೂಲಿ ವೇಗದಲ್ಲೇ ಇರಲಿ. ಸಬ್‌ಟೈಟಲ್ ಹಾಕಿದರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ಹಾಕುವುದಾದರೆ ಇಂಗ್ಲಿಷ್‌ನದು, ಅದೂ ಎರಡು ಸಲ ಕೇಳಿದ ಮೇಲೆ. ಯಂತ್ರ ತಾನೇ ಬರೆದ ಸಬ್‌ಟೈಟಲ್‌ನಲ್ಲಿ ಊರು, ಜನರ ಹೆಸರು ತಪ್ಪಿರುವುದು ಮಾಮೂಲು, ನಂಬಿ ತಿದ್ದಿಕೊಳ್ಳಬೇಡಿ. ಶುರುವಿನಲ್ಲಿ ಇಯರ್‌ಫೋನ್ ಒಳ್ಳೆಯದು. ಎರಡನೇ ತಿಂಗಳಿನಿಂದ ಅದನ್ನು ತೆಗೆದು, ಅಡುಗೆಮನೆಯಲ್ಲಿ ಮಿಕ್ಸಿ ಸದ್ದಿನ ನಡುವೆಯೂ ಫೋನ್ ಸ್ಪೀಕರ್‌ನಲ್ಲಿ ಕೇಳಿ. ಆಫೀಸಿನ ಕಾಲ್‌ಗಳು ಸ್ಟುಡಿಯೋದಷ್ಟು ಸ್ಪಷ್ಟವಾಗಿ ಇರುವುದಿಲ್ಲ.

ಪರೀಕ್ಷೆಗೆ ಓದುವವರಿಗೆ

ಮಂಗಳೂರು, ಉಡುಪಿ ಕಡೆಯಿಂದ ಬ್ರಿಟನ್ನಿಗೆ ಹೊರಟ ನರ್ಸ್‌ಗಳು, ಎಂಎಸ್‌ಗೆ ಹೊರಟ ವಿದ್ಯಾರ್ಥಿಗಳು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುತ್ತಾರೆ. ಅದರ ಕೇಳುವ ಪತ್ರಿಕೆ ಸುಮಾರು 30 ನಿಮಿಷ, ನಾಲ್ಕು ಭಾಗ, 40 ಪ್ರಶ್ನೆ. ಮೊದಲ ಭಾಗ ಇಬ್ಬರ ದಿನನಿತ್ಯದ ಸಂಭಾಷಣೆ, ಎರಡನೆಯದು ಒಬ್ಬರ ಸಣ್ಣ ಮಾತು, ಮೂರನೆಯದು ಓದಿನ ಬಗ್ಗೆ ಕೆಲವರ ಚರ್ಚೆ, ನಾಲ್ಕನೆಯದು ಉಪನ್ಯಾಸ. ಪ್ರತಿಯೊಂದನ್ನೂ ಕೇಳಿಸುವುದು ಒಂದೇ ಸಲ. ಮತ್ತೆ ಮತ್ತೆ ಕೇಳುವುದು ಕಲಿಯುವ ವಿಧಾನ. ಪರೀಕ್ಷೆಗೆ ತಿಂಗಳಿರುವಾಗ ವಾರಕ್ಕೆರಡು ದಿನ "ಒಂದೇ ಸಲ" ನಿಯಮ ಹಾಕಿಕೊಳ್ಳಿ.

ಅಲ್ಲಿ ಸ್ಪೆಲಿಂಗ್ ತಪ್ಪಿದರೆ ಅಂಕ ಹೋಯಿತು. ಎರಡೇ ಪದದಲ್ಲಿ ಬರೆಯಿರಿ ಅಂದ ಕಡೆ ಮೂರು ಬರೆದರೂ ಹೋಯಿತು. ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತಾರೆ, ಹಾಗಾಗಿ "ಎ", "ಇ", "ಐ" ಮತ್ತು "ಜಿ", "ಜೆ" ಗೊಂದಲ ಇರುವವರು ಸ್ನೇಹಿತರ ಹೆಸರು ಹೇಳಿಸಿಕೊಂಡು ಬರೆಯುವುದು ರೂಢಿ ಮಾಡಿಕೊಳ್ಳಿ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಕೇಳುವ ವಿಭಾಗದಲ್ಲಿ 7 ಬ್ಯಾಂಡ್ (ಅಂದರೆ 9ಕ್ಕೆ 7) ಕೇಳುತ್ತದೆ. ನರ್ಸ್‌ಗಳಿಗೆ ಒಇಟಿ, ಅಂದರೆ ಆರೋಗ್ಯ ಕ್ಷೇತ್ರದವರಿಗೆಂದೇ ಮಾಡಿದ ಇಂಗ್ಲಿಷ್ ಪರೀಕ್ಷೆಯ ದಾರಿಯೂ ಇದೆ. ಅದರಲ್ಲಿ ಬರುವುದು ರೋಗಿಯ ಜೊತೆಗಿನ ಮಾತು, ವಾರ್ಡಿನ ಸಣ್ಣ ಮಾತುಕತೆ. ದಿನಾ ವಾರ್ಡಿನಲ್ಲಿ ಓಡಾಡುವವರಿಗೆ ಅದು ಜಾಸ್ತಿ ಹತ್ತಿರ ಅನ್ನುವುದು ನನ್ನ ಅಭಿಪ್ರಾಯ.

ಎದುರಿಗೆ ನಿಂತು ಮಾತಾಡುವಾಗ

ಆಡಿಯೋ ನಿಲ್ಲಿಸಬಹುದು, ಮನುಷ್ಯರನ್ನು ನಿಲ್ಲಿಸಲು ಧೈರ್ಯ ಬೇಕು. ಕೇಳಿಸದಿದ್ದಾಗ "ಎಸ್, ಎಸ್" ಅನ್ನುವುದನ್ನು ಇವತ್ತೇ ಬಿಡಿ. ಬರೀ "ವಾಟ್?" ಅಂದರೆ ಅವರು ಅಷ್ಟೇ ವೇಗದಲ್ಲಿ ಎಲ್ಲವನ್ನೂ ಮತ್ತೆ ಹೇಳುತ್ತಾರೆ, ಉಪಯೋಗವಿಲ್ಲ. ತಪ್ಪಿದ ಜಾಗವನ್ನಷ್ಟೇ ಕೇಳಿ: "ಸಾರಿ, ಡಿಡ್ ಯು ಸೇ ಫಿಫ್ಟೀನ್ ಆರ್ ಫಿಫ್ಟಿ?" ಉತ್ತರ ಬಂದ ಮೇಲೆ ಒನ್ ಫೈವ್ ಅಂತಲೋ ಫೈವ್ ಝೀರೋ ಅಂತಲೋ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಿ. ದಿನ, ಸಮಯ, ಜಾಗದ ವಿಷಯ ಬಂದರೆ ಮಾತು ಮುಗಿಸುವ ಮುಂಚೆ "ಸೋ, ಫ್ರೈಡೇ, ತ್ರೀ ಫಾರ್ಟಿಫೈವ್, ರೈಟ್?" ಅನ್ನಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಹೀಗೇ ಮಾಡುತ್ತಾರೆ. ಕೇಳಿದ್ದಕ್ಕೆ ಯಾರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ, ತಪ್ಪು ದಿನ ಹೋಗಿ ನಿಂತರೆ ಮಾತ್ರ ಇಬ್ಬರಿಗೂ ತೊಂದರೆ.